ಮೂರು ಜನ ಅಂದಿದ್ದರು

ಬಂಗಾರಪೇಟೆ ಸ್ಟೇಷನ್ನಿನ ಬೆಂಚಿನಲ್ಲಿ ಕೂತು ಸೀನಪ್ಪ ಎದುರಿನ ಗೂಡ್ಸ್ ಗಾಡಿಯ ನಂಬರುಗಳನ್ನು ಓದುತ್ತಿದ್ದ. ಪಕ್ಕದಲ್ಲಿದ್ದ ಬಿಳಿ ಪೇಟದ ಹಿರಿಯರು ಕ್ಯಾಸಂಬಳ್ಳಿ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದರು. ಅವನು ಜಾಗ ಹೇಳಿದ, ಹೊತ್ತು ಹೇಳಿದ, ಭಾನುವಾರ ಹತ್ತು ನಿಮಿಷ ತಡ ಎಂಬುದನ್ನೂ ಸೇರಿಸಿದ. ಹಿರಿಯರ ಜೊತೆ ಇನ್ನೂ ಮೂವರಿದ್ದರು. ಒಟ್ಟು ನಾಲ್ಕು. ಸೀನಪ್ಪ ಕಾಯುತ್ತಿದ್ದುದು ಮೂವರಿಗೆ.

1984ರ ಮಾತು. ತಂಗಿ ಕನಕಮ್ಮನನ್ನು ನೋಡಲು ಮಾಲೂರಿನಿಂದ ಕ್ಯಾಸಂಬಳ್ಳಿಯ ಅವರ ಮನೆಗೆ ಗಂಡಿನ ಕಡೆಯವರು ಬರುವವರಿದ್ದರು. ತಂದೆ ಜಯರಾಮಪ್ಪನಿಗೆ ಜ್ವರ. ಹುಡುಗ, ಅವರಪ್ಪ, ಅವರಮ್ಮ, ಮೂರು ಜನ, ಯಜಮಾನರಿಗೆ ಬಿಳಿ ಪೇಟ ಎಂದು ಮಗನಿಗೆ ಬಿಡಿಸಿ ಹೇಳಿ, ಸ್ಟೇಷನ್ನಿನಿಂದ ಕರೆತರಲು ಕಳಿಸಿದ್ದರು. ಬಿಡಿಸಿ ಹೇಳದೆ ಅವನಿಂದ ಕೆಲಸ ಆಗದು. ತಾನು ಕೆಲಸಕ್ಕಿದ್ದ ಆಂಡರ್ಸನ್‌ಪೇಟೆಯ ಹಿಟ್ಟಿನ ಗಿರಣಿಯಲ್ಲಿ ಬೀಸುವ ಕಲ್ಲು ಸವೆದದ್ದನ್ನು ಸದ್ದಿನಲ್ಲೇ ಹಿಡಿಯುತ್ತಿದ್ದ. ಡಬ್ಬ ಹಿಡಿದು ಎದುರಿಗೆ ನಿಂತ ಗಿರಾಕಿ ಕಾಣುತ್ತಿರಲಿಲ್ಲ. ಇಂಥ ಸ್ವಭಾವಕ್ಕೆ ಆಸ್ಪರ್ಜರ್ ಎಂಬ ಹೆಸರಿದೆಯೆಂದು ಆ ಕಾಲಕ್ಕೆ ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ಊರಿನವರ ಪಾಲಿಗೆ ಅವನು ಮಂಕ.

ಎರಡು ಗಂಟೆಯವರೆಗೆ ಕಾದು ಮನೆಗೆ ಬಂದು, ಯಾರೂ ಬರಲಿಲ್ಲ ಎಂದ. ಕೇಸರಿಬಾತು ಹಾಗೇ ಉಳಿಯಿತು. ಕನಕಮ್ಮ ರೇಷ್ಮೆ ಸೀರೆ ಮಡಿಸಿಟ್ಟಳು.

ಗುರುವಾರ ಮಾಲೂರಿನಿಂದ ಕಾರ್ಡು ಬಂತು. ಮಧ್ಯಾಹ್ನದ ತನಕ ಸ್ಟೇಷನ್ನಿನಲ್ಲಿ ಕಾದೆವು, ಕರೆಯಲು ಒಂದು ನರಪಿಳ್ಳೆಯೂ ಬರಲಿಲ್ಲ, ಬಸ್ಸಿನ ವಿಷಯವನ್ನೂ ಬೆಂಚಿನಲ್ಲಿದ್ದ ಯಾವನನ್ನೋ ಕೇಳಬೇಕಾಯಿತು, ಕರೆಯಲು ಬಾರದವರ ಮನೆಗೆ ನಾವಾಗಿ ಹೋಗುವುದು ಬೇಡವೆಂದು ಒಂದೂವರೆಯ ಗಾಡಿಗೆ ವಾಪಸಾದೆವು ಎಂದಿತ್ತು.

"ಆ ಯಾವನೋ ನಾನೇ," ಎಂದ ಸೀನಪ್ಪ. ಮುಚ್ಚಿಡುವುದು ಅವನಿಗೆ ಬಾರದು.

"ಬಿಳೀ ಪೇಟ ಕಾಣ್ಲಿಲ್ವೇನ್ಲಾ?" ಎಂದರು ಜಯರಾಮಪ್ಪ.

"ಕಾಣ್ತು. ನಾಲ್ಕು ಜನ ಇದ್ರು. ನೀನು ಮೂರು ಅಂದಿದ್ದೆ."

"ಎಣ್ಣು ನೋಡಾಕೆ ಮೂರು ಜನ ಓಗ್ತಾರೇನ್ಲಾ? ಇನ್ನೊಬ್ರನ್ನ ಸೇರಿಸ್ಕೊಂಡೇ ಒರಡ್ತಾರೆ. ಎಮ್ಮೆ ಕಾಯೋನ್ಗೂ ಗೊತ್ತು."

"ನಂಗೆ ಯೋಳ್ಲಿಲ್ವಲ್ಲ."

ಸೀನಪ್ಪನಿಗೆ ಮೈ ಉರಿಯಿತು. ಹೇಳಿದ್ದನ್ನು ಬಿಟ್ಟರೂ ಬೈಗುಳ, ಹೇಳಿದಷ್ಟೇ ಮಾಡಿದರೂ ಬೈಗುಳ. ಎಲ್ಲರಿಗೂ ಗೊತ್ತಿರುವುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೇಳದ್ದು ಅವನಿಗೆ ಕಾಣುವುದಿಲ್ಲ. ಇದನ್ನೇ ಅಪ್ಪನಿಗೆ ವಿವರಿಸಹೊರಟ.

ಕನಕಮ್ಮ ತಡೆದಳು. "ನಿನ್ ತಪ್ಪಿಲ್ಲ ಬಿಡಣ್ಣ. ಓದ್ಸಲ ಗಂಡಿನೋರು ವಾಪಸ್ ಓದಾಗ್ಲೂ ನಿನ್ ತಪ್ಪಿರ್ಲಿಲ್ಲ."

ಮರುದಿನ ಜಯರಾಮಪ್ಪ ತಪ್ಪಾಯಿತೆಂದು ಹೇಳಲು ಮಾಲೂರಿಗೆ ಹೋದರು. ಆ ಮನೆಯವರು ಕೂರಿಸಿ ಕಾಫಿ ಕೊಟ್ಟರು. ಹುಡುಗನಿಗೆ ಟೇಕಲ್ಲಿನಲ್ಲಿ ಹೆಣ್ಣು ಗೊತ್ತಾಗಿದೆ ಎಂದರು.