ಹೆಬ್ಬೆರಳಿಗೆ ಸಿಕ್ಕ ಹೊಸ ಕೆಲಸ

ಹರಿಹರಕ್ಕೆ ಬಂದ ಮೊದಲ ಭಾನುವಾರ ಗೋಡೆಯ ಆಚೆ ಮೂರು ಜನ ಕೂತು ತಂತಿ ಬಾರಿಸುತ್ತಿದ್ದರು. ಒಬ್ಬನದು ದಪ್ಪ ದನಿ, ಇನ್ನೊಬ್ಬನದು ಸಣ್ಣ ದನಿ, ಮೂರನೆಯವನು ಇಬ್ಬರ ನಡುವೆ ನುಗ್ಗಿಕೊಂಡು ಓಡುತ್ತಿದ್ದ. ಉಸಿರು ತೆಗೆದುಕೊಳ್ಳಲೂ ನಿಲ್ಲದವರು. ಸಾಮೆ ಕಾಳನ್ನು ಹಿತ್ತಾಳೆ ಪರಾತದ ಮೇಲೆ ಸುರಿದ ಹಾಗೆ ನಾದ ಸುರಿಯುತ್ತಿತ್ತು. ತಡೆಯಲಾರದೆ ಎದ್ದು ಹೋಗಿ ಅವರ ಕಿಟಕಿಯಲ್ಲಿ ಇಣುಕಿದೆ. ಒಳಗೆ ಒಬ್ಬನೇ ಒಬ್ಬ ಮನುಷ್ಯ ಬನಿಯನ್ ಹಾಕಿಕೊಂಡು ಮಂಚದ ಮೇಲೆ ಕೂತಿದ್ದ. ತೊಡೆಯ ಮೇಲೆ ಒಂದೇ ಒಂದು ವಾದ್ಯ. ಉಳಿದಿಬ್ಬರು ಎಲ್ಲಿ ಎಂದು ನಾನು ಮಂಚದ ಕೆಳಗೂ ನೋಡಿದೆ.

"ಏನ್ ಹುಡಕ್ತೀರಿ ಅಜ್ಜಾರ?" ಎಂದ.

"ಉಳಿದ ಮಂದೀನ," ಎಂದೆ.

ಅವನು ನಕ್ಕು ಬಲಗೈ ಎತ್ತಿ ಮೂರು ಬೆರಳು ಅಲ್ಲಾಡಿಸಿದ. "ಇವ್ರೇ ನೋಡ್ರಿ ಆ ಮಂದಿ."

ಆನಗೋಡಿನ ನನ್ನ ಜನರೇ, ಅವತ್ತಿನಿಂದ ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನ್ನ ಓದು ಮೂರನೆಯ ಇಯತ್ತೆಗೇ ಮುಗಿದದ್ದು ನಿಮಗೆ ಗೊತ್ತು. ಒತ್ತಕ್ಷರ ಸರಿಯಾಗಿದ್ದರೆ ಅದು ಮೊಮ್ಮಗಳು ಗಿರಿಜಾ ತಿದ್ದಿದ್ದು, ತಪ್ಪಿದ್ದರೆ ಅವಳು ಶಾಲೆಗೆ ಹೋದಾಗ ನಾನು ಬರೆದದ್ದು.

ಇಲ್ಲಿನ ಮನೆಗಳ ವಿಚಾರ ಮೊದಲು ಹೇಳಬೇಕು. ಮಗ ಶಿವಮೂರ್ತಿಗೆ ಯಂತ್ರದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ, ಸಾಲುಮನೆಯಲ್ಲಿ ಒಂದು ಮನೆ ಹಿಡಿದು, ಹೊಲವನ್ನು ತಮ್ಮನಿಗೆ ಒಪ್ಪಿಸಿ ಬರ್ರಿ ಎಂದು ಗಂಡ ಹೆಂಡತಿ ನಮ್ಮಿಬ್ಬರನ್ನೂ ಕರೆಸಿಕೊಂಡ. ಸಾಲುಮನೆ ಅಂದರೆ ಒಂದೇ ಸೂರಿನ ಕೆಳಗೆ ಎಂಟು ಸಂಸಾರ. ನಮ್ಮಲ್ಲಿ ಪಕ್ಕದ ಮನೆಯವರನ್ನು ಕೂಗಬೇಕಾದರೆ ಹಿತ್ತಲು ದಾಟಬೇಕು, ಆದರೆ ಬಾಗಿಲು ಹಗಲೆಲ್ಲ ತೆಗೆದೇ ಇರುತ್ತದೆ. ಇಲ್ಲಿ ಪಕ್ಕದವರು ಸೀನಿದರೆ ನಮ್ಮ ಮನೆಯಲ್ಲಿ ಕೇಳುತ್ತದೆ, ಬಾಗಿಲು ಮಾತ್ರ ಮುಚ್ಚಿರುತ್ತದೆ. ಊರಲ್ಲಿ ಹೊತ್ತು ನೋಡಿ ಏಳುತ್ತಿದ್ದೆವು. ಇಲ್ಲಿ ಭೋಂಗಾ ಕೂಗುತ್ತದೆ. ಭೋಂಗಾ ಅಂದರೆ ಕಾರ್ಖಾನೆಯವರು ಕೆಲಸಗಾರರನ್ನು ಕರೆಯುವ ಕೂಗು. ಅದು ಮಗನನ್ನು ಕರೆಯುತ್ತದೆ, ನಾನು ಸುಮ್ಮಸುಮ್ಮನೆ ಎದ್ದು ನಿಲ್ಲುತ್ತೇನೆ. ಎದ್ದವನಿಗೆ ಮಾಡಲು ಕೆಲಸವಿಲ್ಲ. ಎತ್ತಿಲ್ಲ, ಕಣವಿಲ್ಲ. ಕೈ ಎರಡೂ ಖಾಲಿ.

ಕೈ ಖಾಲಿ ಎಂಬುದರ ಅರ್ಥ ನಮ್ಮ ಭಜನೆ ಮೇಳದವರಿಗೆ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಮೀಸೆ ಮೂಡಿದಾಗಿನಿಂದ ಮೇಳದ ಏಕತಾರಿ ಹಿಡಿದವನು ನಾನು. ಆದರೆ ಏಕತಾರಿ ಮೇಳದ್ದು, ನನ್ನದಲ್ಲ, ಊರು ಬಿಟ್ಟು ಬರುವ ಹಾಗಿಲ್ಲ. ನಾವು ಬಂಡಿ ಹತ್ತುವಾಗ ಮೇಳದ ಹಿರಿಯ ಹಾಲಪ್ಪ ನನ್ನ ಭುಜ ಹಿಡಿದು ಹೇಳಿದ್ದ: "ತಿಪ್ಪಣ್ಣ, ಏಕತಾರಿ ನಿಂದೇ. ಕರೆದಾಗ ಬಂದು ಹಿಡಿ. ನಿನ್ ಕೈ ತಪ್ಪಿತು ಅಂದ್ರ ಆವತ್ತು ಬೇರೆಯವ್ರಿಗೆ ಕೊಡ್ತೀನಿ. ಬೇಜಾರ್ ಮಾಡ್ಕೋಬ್ಯಾಡ." ಹೊಲ ಬಿಟ್ಟಾಗ ಅಳದವನು ಆ ಮಾತಿಗೆ ಹೆಗಲ ಮೇಲಿನ ಟವೆಲ್ಲಿನಲ್ಲಿ ಕಣ್ಣು ಒರೆಸಿಕೊಂಡೆ.

ಗೋಡೆಯ ಆಚೆಯವನ ಹೆಸರು ಪೆದ್ರು. ಕಾರವಾರದ ಕಡೆಯವನು, ಹುಬ್ಬಳ್ಳಿಯಲ್ಲಿ ಬೆಳೆದವನು, ಮಗನ ಕಾರ್ಖಾನೆಯಲ್ಲೇ ಫಿಟ್ಟರ್. ಅವನ ಮನೆಯಲ್ಲಿ ಮೀನು ಹುರಿದರೆ ನನ್ನ ಹೆಂಡತಿ ನೀಲಮ್ಮ ಮೊದಮೊದಲು ಕಿಟಕಿ ಮುಚ್ಚಿ ಊದುಬತ್ತಿ ಹಚ್ಚುತ್ತಿದ್ದಳು. ಅವರ ಕ್ರಿಸ್‌ಮಸ್ ಹಬ್ಬಕ್ಕೆ ಕುಸ್ವಾರ್ ಎಂದು ತಟ್ಟೆ ತುಂಬ ಸಿಹಿತಿಂಡಿ ಬಂತು. ಕುಸ್ವಾರ್ ಅಂದರೆ ನಮ್ಮ ದೀಪಾವಳಿಯ ಕಜ್ಜಾಯ, ಚಕ್ಕುಲಿಗಳ ಹಾಗೆ, ನೆಂಟರಿಷ್ಟರಿಗೆ ಹಂಚಲೆಂದೇ ಮಾಡುವುದು. ನೀಲಮ್ಮ ಒಂದನ್ನು ಮೂಸಿ, ಮುರಿದು, ಬಾಯಿಗೆ ಹಾಕಿಕೊಂಡಳು. ಆಮೇಲೆ ಮೀನು ಹುರಿದ ದಿನ ಕಿಟಕಿ ಮುಚ್ಚುತ್ತಾಳೆ, ಊದುಬತ್ತಿ ಹಚ್ಚುವುದಿಲ್ಲ.

ಪೆದ್ರುವಿನ ಹತ್ತಿರ ಮೊದಲು ಕಲಿಯಲು ಹೋದವಳು ಗಿರಿಜಾ. ಹನ್ನೊಂದು ವರ್ಷದ ಹುಡುಗಿ, ಬಾಯಿ ಮೂವತ್ತರದು. ಅವಳನ್ನು ಕರೆದುಕೊಂಡು ಬರುವ ನೆಪದಲ್ಲಿ ನಾನು ಹೋಗುತ್ತಿದ್ದೆ. ವಾದ್ಯದ ಹೆಸರು ಗಿಟಾರ್, ಆರು ತಂತಿ. ಆದರೆ ಪೆದ್ರು ಬಾರಿಸುವ ರೀತಿ ಗಿಟಾರಿನದಲ್ಲವಂತೆ. ಕಾರ್ಖಾನೆಗೆ ಯಂತ್ರ ಕೂರಿಸಲು ಬಂದ ಅಮೆರಿಕದ ಎಂಜಿನಿಯರ್ ಒಬ್ಬ ಬ್ಯಾಂಜೋ ಎಂಬುದನ್ನು ತಂದಿದ್ದನಂತೆ. ತಮಟೆಗೆ ಕುತ್ತಿಗೆ ಹಚ್ಚಿ ತಂತಿ ಬಿಗಿದರೆ ಹೇಗೋ ಹಾಗೆ ಅದರ ರೂಪ. ಆತ ಊರಿಗೆ ಹೊರಟಾಗ ಬ್ಯಾಂಜೋ ಅವನ ಜೊತೆ ಹೋಯಿತು, ಬಾರಿಸುವ ರೀತಿ ಪೆದ್ರುವಿನ ಬೆರಳಲ್ಲಿ ಉಳಿಯಿತು. ಇದ್ದ ಗಿಟಾರಿನ ಮೇಲೇ ಅದನ್ನು ಕೂರಿಸಿಕೊಂಡ.

"ಅದರಾಗ ಒಂದು ಗಿಡ್ಡ ತಂತಿ ಇತ್ರಿ ಅಜ್ಜಾರ," ಎಂದು ಒಂದು ದಿನ ಹೇಳಿದ. "ಪದ ಎಲ್ಲಿಗರೆ ಹೋಗ್ಲಿ, ಆ ತಂತಿ ತನ್ನ ದನಿ ಬಿಡೂದಿಲ್ಲ. ಗಿಟಾರಿಗೆ ಅದಿಲ್ಲ. ಅದಕ್ಕ ನಾ ಈ ತುದಿ ತಂತಿನ ಎಡಗೈಲೆ ಮುಟ್ಟೂದಿಲ್ಲ, ಹಂಗ ಬಿಟ್ಟು ಮತ್ತ ಮತ್ತ ಮೀಟ್ತೀನಿ."

ನಾನು ಕೂತಲ್ಲಿಂದ ಎದ್ದೆ. "ಪೆದ್ರು, ಅದು ಏಕತಾರಿ ಕಣಪ್ಪ! ಅದು ನಮ್ದು!"

"ಹಂಗಾರ ಬರ್ರಿ, ಕೂಡ್ರಿ, ನಿಮ್ದನ್ನ ನೀವಾ ತಗೋರಿ," ಎಂದು ಗಿಟಾರನ್ನು ನನ್ನ ತೊಡೆಯ ಮೇಲೆ ಇಟ್ಟುಬಿಟ್ಟ.

ಸಮುದ್ರದಾಚೆಯ ಜನ ನಮ್ಮ ಶ್ರುತಿಯ ತಂತಿಯನ್ನು ಬ್ಯಾಂಜೋದ ಐದು ತಂತಿಯಲ್ಲಿ ಒಂದಾಗಿ ಬಚ್ಚಿಟ್ಟುಕೊಂಡಿದ್ದಾರೆ ಎಂಬ ಸಂಭ್ರಮಕ್ಕೆ ಆವತ್ತು ನಾನು ಊಟ ಬಿಟ್ಟೆ. ಮರುದಿನದಿಂದ ಗಿರಿಜಾಳಿಗೂ ನನಗೂ ಒಂದೇ ಪಾಠ. ಹೊಲ ಕೆರೆದ ಉಗುರು ಮೀಟಲು ಬಾರದೆಂದು ಪೆದ್ರು ತಗಡು ಕತ್ತರಿಸಿ, ಬಾಗಿಸಿ, ನನ್ನ ಮೂರು ಬೆರಳಿಗೆ ಮೂರು ಉಗುರು ಮಾಡಿಕೊಟ್ಟ. ನೀಲಮ್ಮ ನೋಡಿ, "ಈ ವಯಸ್ಸಿಗೆ ಉಂಗುರ ಬೇಕಾಗಿತ್ತು, ತಗಡಿಂದು ಸಿಕ್ತು," ಎಂದಳು.

ಕಲಿಯುವುದು ಹೀಗೆ: ಹೆಬ್ಬೆರಳು, ತೋರುಬೆರಳು, ನಡುಬೆರಳು. ಮತ್ತೆ ಅದೇ ಮೂರು. ಆಮೇಲೆ ಹೆಬ್ಬೆರಳು, ನಡುಬೆರಳು. ಇಷ್ಟಾದರೆ ಒಂದು ರೋಲು. ರೋಲು ಅಂದರೆ ಬೆರಳುಗಳ ಒಂದು ಸುತ್ತು, ರಾಟೆ ತಿರುಗಿದ ಹಾಗೆ ನಿಲ್ಲದೆ ಬರಬೇಕು. ಲೆಕ್ಕ ನನಗೆ ಹೊಸದಲ್ಲ. ಮೂರು, ಮೂರು, ಎರಡು, ಮೇಳದಲ್ಲಿ ಹಾಲಪ್ಪ ಬಡಿಯುವ ದಮ್ಮಡಿಯ ನಡೆಯೇ ಅದು. ತೋರುಬೆರಳು ಹೇಳಿದ ಮಾತು ಕೇಳಿತು. ನಡುಬೆರಳೂ ಗೊಣಗುತ್ತ ಕೇಳಿತು. ಹೆಬ್ಬೆರಳು ಮಾತ್ರ ಅಲುಗಲಿಲ್ಲ. ಗಿಟಾರಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತೇಬಿಟ್ಟಿತು.

ಪೆದ್ರುವಿಗೆ ಏಕೆಂದು ತಿಳಿಯಲಿಲ್ಲ. ಅವನು ಏಕತಾರಿ ಹಿಡಿದವನಲ್ಲ. ಏಕತಾರಿಯ ದಂಡಿ ಹಿಡಿಯುವುದೂ ಬಲಗೈಯೇ, ತಂತಿ ಮೀಟುವುದೂ ಅದೇ ಕೈಯ ತೋರುಬೆರಳು. ಎಡಗೈಯಲ್ಲಿ ತಾಳ ಹಾಕುವ ಚಿಟಿಕೆ. ಹಾಗಾಗಿ ನನ್ನ ಹೆಬ್ಬೆರಳಿಗೆ ಜೀವಮಾನವಿಡೀ ಒಂದೇ ಕೆಲಸ: ಹಿಡಿದುಕೊಂಡಿರುವುದು.

ಗಿರಿಜಾ ನನ್ನ ಕೈಯನ್ನು ಹತ್ತಿರದಿಂದ ನೋಡಿದಳು. "ಅಜ್ಜ, ನಿನ್ ಹೆಬ್ಬೆಟ್ಟು ಹೆದರ್ಕೊಂಡೈತೆ. ಬಿಟ್ರೆ ಬಿದ್ದೋಗತೈತೆ ಅಂತ."

"ಹೌದವ್ವ."

"ಬೀಳಲ್ಲ ಅಜ್ಜ. ಇದು ತೊಡೆ ಮ್ಯಾಲೆ ಐತೆ. ಬಿಡು."

ಬಿಡು ಎಂದರೆ ಬಿಡುವುದೆಂತು? ಊರು ಬಿಟ್ಟೆ, ಹೊಲ ಬಿಟ್ಟೆ, ಈ ಎರಡು ಅಂಗುಲದ ಬೆರಳು ಬಿಡಲೊಲ್ಲದು. ಸಂತೆಗೆ ಹೋದರೂ ಅದೇ ಧ್ಯಾನ. ತಂತಿ ಕಡಿದಾಗ ಗಿರಿಜಾಳನ್ನು ಕರೆದುಕೊಂಡು ದಾವಣಗೆರೆಗೆ ಹೋಗಿದ್ದೆ. ಗಿಟಾರಿನ ತಂತಿ ಕೇಳಿದರೆ ಅಂಗಡಿಯವನು, "ಸಿತಾರದ್ದು ಐತೆ, ಬೇಲಿದ್ದು ಐತೆ, ಇದ್ಯಾವ್ದು ಹೊಸಾದು?" ಎಂದ. ಕೊನೆಗೆ ಸಿತಾರದ್ದನ್ನೇ ತಂದೆವು. ಪಿ.ಜೆ. ಬಡಾವಣೆಯ ಹತ್ತಿರ ಮಂಡಕ್ಕಿ, ಮಿರ್ಚಿ ತಿನ್ನಲು ಕೂತಾಗ ನನ್ನ ಬೆರಳು ಬೆಂಚಿನ ಮೇಲೆ ಓಡಾಡುತ್ತಿತ್ತು. ಎದುರಿಗೆ ಕೂತಿದ್ದ ಮಿಲ್ಲಿನವನೊಬ್ಬ, "ಯಜಮಾನ್ರೇ, ಕೈ ನಡುಕಕ್ಕೆ ಔಷಧಿ ಐತೆ, ಆಸ್ಪತ್ರೆಗೆ ತೋರಿಸ್ರಿ," ಎಂದು ಮರುಗಿದ. ಗಿರಿಜಾ ನಕ್ಕ ನಗೆಗೆ ಮಂಡಕ್ಕಿ ನೆತ್ತಿಗೇರಿತು.

ಆಮೇಲೆ ಒಂದು ಬೆಳಿಗ್ಗೆ, ಭೋಂಗಾ ಕೂಗಿ ಮಗ ಹೋದ ಮೇಲೆ, ಪೆದ್ರು ಬಿಟ್ಟುಹೋಗಿದ್ದ ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡು ಯಾರಿಗೂ ಅಲ್ಲದೆ ನಮ್ಮ ಮೇಳದ ಒಂದು ಪದ ಹಾಡಿಕೊಳ್ಳುತ್ತಿದ್ದೆ. ಎರಡನೆಯ ನುಡಿಗೆ ಬರುವಷ್ಟರಲ್ಲಿ ದಪ್ಪ ತಂತಿ ತಾನಾಗಿ ನುಡಿಯಿತು. ನೋಡಿದರೆ ಹೆಬ್ಬೆರಳು! ಅಂಚು ಬಿಟ್ಟು ಹೊರಗೆ ಬಂದಿದೆ, ಮೀಟುತ್ತಿದೆ, ಹಿಂದಿರುಗಿ ಬರುತ್ತಿದೆ. ದಪ್ಪ ದನಿ, ಸಣ್ಣ ದನಿ, ನಡುವೆ ಓಡುವವನು, ಮೂವರೂ ನನ್ನ ಕೈಯೊಳಗೆ. ಗಿರಿಜಾ ತಲೆ ಬಾಚಿಕೊಳ್ಳುತ್ತಿದ್ದವಳು ಅರ್ಧ ಜಡೆಯಲ್ಲೇ ಓಡಿಬಂದು ಕುಣಿದಳು. "ಅಜ್ಜ ಬಿಟ್ಟ! ಅಜ್ಜ ಬಿಟ್ಟ!" ಸಾಲುಮನೆಯ ಮುಚ್ಚಿದ ಬಾಗಿಲುಗಳು ಒಂದೊಂದಾಗಿ ತೆರೆದವು. ಮದುವೆಯ ದಿನವೂ ನಾನು ಅಷ್ಟು ಹಿಗ್ಗಿರಲಿಲ್ಲ. ಇದನ್ನು ನೀಲಮ್ಮನ ಎದುರಿಗೇ ಹೇಳಿದೆ.

"ಗೊತ್ತಾಗತೈತೆ ಬಿಡ್ರಿ," ಎಂದಳು ಅವಳು. ಆಮೇಲೆ ಮೆಲ್ಲಗೆ, "ಆದ್ರೆ ಊರಿಂದ ಕರೆ ಬಂದ್ರೆ ಏನ್ ಮಾಡ್ತೀರಿ? ಈ ಕೈ ಅಲ್ಲಿ ನಡೆಯಾಕಿಲ್ಲ."

ನಾನು ನಕ್ಕುಬಿಟ್ಟೆ. ಬೆರಳಿಗೆ ಹೊಸದು ಬಂದರೆ ಹಳೆಯದು ಎಲ್ಲಿ ಹೋಗುತ್ತದೆ? ಆದರೆ ಅವಳ ಮಾತು ಒಳಗೆ ಕೂತಿತು. ಅಲ್ಲಿಂದ ಮುಂದೆ ಕೋಲು ಹಿಡಿದರೆ ಬೆರಳು ಏಳುತ್ತಿತ್ತು. ತಂಬಿಗೆ ಹಿಡಿದರೆ ಏಳುತ್ತಿತ್ತು. ನಾನು ಮಲಗಿದರೂ ಅದು ಮಲಗುತ್ತಿರಲಿಲ್ಲ.

ಕರೆ ಬಂತು. ಹಾಲಪ್ಪ ಹೊಸ ಮನೆ ಕಟ್ಟಿಸಿದ್ದ, ಒಕ್ಕಲಾಗುವ ದಿನ ಬೆಳಿಗ್ಗೆ ಮೇಳದ ಹಾಡು. ಗಿರಿಜಾ ನಾನೂ ಬರುತ್ತೇನೆಂದು ಹಟ ಹಿಡಿದಳು. ನೀಲಮ್ಮನೂ ಸೇರಿ ಮೂವರೂ ಮೊದಲ ಬಸ್ಸಿಗೆ ಹೊರಟು, ದಾವಣಗೆರೆಯಲ್ಲಿ ಇಳಿದು ಹತ್ತಿ, ಆನಗೋಡು ಸೇರಿದೆವು. ಅಲ್ಲಿದ್ದವರೆಲ್ಲ ನೀವೇ. ನಡೆದದ್ದನ್ನು ನೀವು ನೋಡಿದ್ದೀರಿ, ಆದರೆ ಹೊರಗಿನಿಂದ. ಒಳಗಿನದನ್ನು ಹೇಳುತ್ತೇನೆ.

ಹಾಲಪ್ಪ ಏಕತಾರಿಗೆ ವಿಭೂತಿ ಹಚ್ಚಿ ನನ್ನ ಕೈಗೆ ಕೊಟ್ಟಾಗ ಅಂಗೈಗೆ ಎಲ್ಲವೂ ನೆನಪಾಯಿತು. ದಂಡಿಯ ನುಣುಪು, ಬುರುಡೆಯ ಭಾರ. ಮೊದಲ ಪದ ಚೆನ್ನಾಗಿಯೇ ಆಯಿತು. ಎರಡನೆಯದು ಏರುವ ಪದ. ದಮ್ಮಡಿ ಮೂರು, ಮೂರು, ಎರಡು ಎಂದು ಹೊರಟಿತು, ನನ್ನ ಕಣ್ಣು ಮುಚ್ಚಿತು, ಹೆಬ್ಬೆರಳು ಕರೆ ಬಂತೆಂದು ಎದ್ದು ಹೊರಟೇಬಿಟ್ಟಿತು. ಮೀಟಲು ಅಲ್ಲಿ ದಪ್ಪ ತಂತಿ ಎಲ್ಲಿದೆ? ದಂಡಿ ಜಾರಿ ಏಕತಾರಿ ಮುಂದಕ್ಕೆ ವಾಲಿತು. ಹಾಲಪ್ಪ ದಮ್ಮಡಿ ಬಿಸಾಡಿ ಎರಡೂ ಕೈಯಲ್ಲಿ ಬುರುಡೆಯನ್ನು ಹಿಡಿಯದಿದ್ದರೆ ಅದು ಹೊಸ ಮನೆಯ ಕಲ್ಲುಹಾಸಿನ ಮೇಲೆ ಒಡೆಯುತ್ತಿತ್ತು.

ಹಾಡು ನಿಂತಿತು. ಯಾರೋ ಹಿಂದಿನಿಂದ, "ಹರಿಹರದ ಹೆಬ್ಬೆಟ್ಟು," ಎಂದರು. ಯಾರೆಂದು ನನಗೆ ಗೊತ್ತು, ಬರೆಯುವುದಿಲ್ಲ.

"ಏನಾತೋ ತಿಪ್ಪಣ್ಣ?" ಎಂದ ಹಾಲಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ಬೆರಳಿಗೆ ಬ್ಯಾರೆ ವಿದ್ಯೆ ಹತ್ತೈತೆ. ಹಿಡ್ಕೊಂಡ್ ಇರು ಅಂದ್ರೆ ಕೇಳ್ತಿಲ್ಲ," ಎಂದೆ. "ನೀನ್ ಹೇಳಿದ್ದಿಯಲ್ಲ, ಕೈ ತಪ್ಪಿದ್ರೆ ಅಂತ. ತಪ್ಪೈತೆ. ಯಾರಿಗ್ ಕೊಡ್ತೀಯೋ ಕೊಡು."

ಹೇಳಿ ಎದ್ದು ಹಿಂದಿನ ಸಾಲಿಗೆ ಹೋಗಬೇಕೆಂದಿದ್ದೆ. ಅಷ್ಟರಲ್ಲಿ ಹಾಲಪ್ಪ ನನ್ನ ಕೈಯನ್ನು ಎಳೆದುಕೊಂಡು ಹೆಬ್ಬೆರಳನ್ನು ತಿರುಗಿಸಿ ನೋಡಿದ, ತಗಡಿನ ಉಗುರು ಕೊರೆದ ಗೆರೆಯನ್ನು ಸವರಿದ.

"ಅಲ್ಲಿ ಬಾರಿಸ್ತೀಯ?"

"ಬಾರಿಸ್ತೀನಿ."

"ಬಿಡಾಕ್ ಆಗತೈತ?"

ನಾನು ಬಾಗಿಲಲ್ಲಿ ನಿಂತಿದ್ದ ಗಿರಿಜಾಳನ್ನು ನೋಡಿದೆ. ಅವಳು ಉಸಿರು ಹಿಡಿದು ನಿಂತಿದ್ದಳು. "ಇಲ್ಲ ಹಾಲಪ್ಪ. ಸುಳ್ಳು ಯಾಕ ಹೇಳ್ಲಿ? ಇಲ್ಲ."

ಹಾಲಪ್ಪ ತಲೆಯ ರುಮಾಲು ತೆಗೆದ. ಅದರ ಅಂಚನ್ನು ಹಲ್ಲಿನಿಂದ ಕಚ್ಚಿ ಒಂದು ಪಟ್ಟಿ ಹರಿದ. ಏಕತಾರಿಯನ್ನು ನನ್ನ ಕೈಗೆ ಕೊಟ್ಟು, ಎಮ್ಮೆಕರುವನ್ನು ಗೂಟಕ್ಕೆ ಕಟ್ಟಿದ ಹಾಗೆ ನನ್ನ ಹೆಬ್ಬೆರಳನ್ನು ದಂಡಿಗೆ ಸುತ್ತಿ ಕಟ್ಟಿದ. "ಈಗ ಎಲ್ಲಿಗ್ ಹೋಗತೈತೋ ನೋಡಾನ. ಹೂಂ, ಹಾಡು."

ಮೇಳವೆಲ್ಲ ನಕ್ಕಿತು. ನೀಲಮ್ಮ ಸೆರಗು ಬಾಯಿಗೆ ಇಟ್ಟುಕೊಂಡಳು, ನಗುವಿಗೋ ಅಳುವಿಗೋ ನಾನು ಕೇಳಿಲ್ಲ. ಪದ ನಿಂತಲ್ಲಿಂದಲೇ ಎತ್ತಿಕೊಂಡೆ. ಕಟ್ಟಿನೊಳಗೆ ಬೆರಳು ಪ್ರತಿ ಸುತ್ತಿಗೂ ಏಳಲು ನೋಡುತ್ತಿತ್ತು, ಪ್ರತಿ ಸುತ್ತಿಗೂ ಪಟ್ಟಿ ಬಿಗಿಯುತ್ತಿತ್ತು. ಆ ಜಗ್ಗಾಟದಲ್ಲಿ ನನ್ನ ದನಿ ಎಲ್ಲಿಂದ ಬಂತೋ, ಅಷ್ಟು ಎತ್ತರಕ್ಕೆ ನಾನು ಆನಗೋಡಿನಲ್ಲಿ ಇದ್ದಾಗಲೂ ಹಾಡಿರಲಿಲ್ಲ.

ಊಟವಾಯಿತು. ಗಿರಿಜಾ ಬಸ್ಸು, ಬಸ್ಸು ಎಂದು ಅವಸರ ಮಾಡತೊಡಗಿದಳು. ನಾನು ಊಟಕ್ಕೂ ಕಟ್ಟು ಬಿಚ್ಚಿಸಿಕೊಂಡಿರಲಿಲ್ಲ. ನೀಲಮ್ಮ ಮಗುವಿಗೆ ತಿನ್ನಿಸಿದ ಹಾಗೆ ತುತ್ತು ಕೊಟ್ಟಿದ್ದಳು. ಹಾಲಪ್ಪನೇ ಬಂದು ಕೂತು ಗಂಟು ಸಡಿಲಿಸಿದ. ಹೊರಗೆ ಬಂದದ್ದೇ ತಡ, ಹೆಬ್ಬೆರಳು ಗಾಳಿಯಲ್ಲಿ ಮೂರು, ಮೂರು, ಎರಡು ಎಂದು ಹೊರಟಿತು.

"ಹೋಗಪ್ಪ, ಹೋಗು, ನಿನ್ ಬಸ್ ಹೊಂಟೋಗತೈತೆ," ಎಂದ ಹಾಲಪ್ಪ, ಬೆರಳಿಗೇ.

ಪಟ್ಟಿಯನ್ನು ನಾನು ಜೇಬಿಗೆ ಹಾಕಿಕೊಳ್ಳಲು ಕೈ ಚಾಚಿದೆ. ಅವನು ಕೊಡಲಿಲ್ಲ. ಅದನ್ನು ದಂಡಿಗೇ ಬಿಗಿಯಾಗಿ ಸುತ್ತಿ, ತುದಿಗೆ ಒಂದು ಗಂಟು ಹಾಕಿ, ಏಕತಾರಿಯನ್ನು ಹೊಸ ಗೋಡೆಯ ಗೂಟಕ್ಕೆ ನೇತುಹಾಕಿದ.

"ಇದು ಇಲ್ಲೇ ಇರ್ಲಿ. ನೀನ್ ಬಂದಾಗ ಬೇಕಾಗತೈತೆ."