ಅಯಸ್ಕಾಂತ ಹಿಡಿಯದ ಜಾಗ

ಸ್ಮೇಡ್ಸ್ ಹಾಲ್ವಾರನ ಮುತ್ತಜ್ಜ ಸ್ಮೇಡ್ಸ್ ಪೇರ್. ಸಿಲ್ಯಾನ್ ಸರೋವರದ ಸುತ್ತಿನ ಏಳು ಹಳ್ಳಿಗಳ ಕುದುರೆಗಳಿಗೆ ಲಾಳ ಕಟ್ಟಿದವನು. ಒಂದು ಭಾನುವಾರ ಪಾದ್ರಿ ಕುಡುಕರನ್ನು ಬೈಯುತ್ತ ತನ್ನ ಕಡೆ ಕಣ್ಣು ಹಾಯಿಸಿದನೆಂದು, ಪಾದ್ರಿಯ ಕುದುರೆಯ ಗೊರಸಿಗೆ ಒಂದು ಮೊಳೆಯನ್ನು ಬಾರ್ಲಿ ಕಾಳಿನಷ್ಟು ಹೆಚ್ಚು ಒಳಗೆ ಹೊಡೆದ. ಕುದುರೆ ಆ ಚಳಿಗಾಲವೆಲ್ಲ ಕುಂಟಿತು. ಕಾರಣ ಪಾದ್ರಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು. ಲಾಳ ಮಾತ್ರ ಕಳಚಲಿಲ್ಲ, ಅಷ್ಟು ಚೆನ್ನಾಗಿ ಕಟ್ಟಿದ್ದ.

ಅಜ್ಜ ಸ್ಮೇಡ್ಸ್ ಲಾರ್ಸ್ ಇಪ್ಪತ್ತಕ್ಕೆ ಹಡಗು ಹತ್ತಿ ಅಮೆರಿಕಕ್ಕೆ ಹೋದ. ಡೆಟ್ರಾಯಿಟ್‌ನ ಕಾರು ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ತಗಡಿನ ಬೆಸುಗೆಗಳ ಮೇಲೆ ಸೀಸ ತುಂಬಿದ. ಆ ಹನ್ನೆರಡು ವರ್ಷದಲ್ಲಿ ತಾಯಿಗೆ ಒಂದು ಕಾಗದ ಬರೆದವನಲ್ಲ. ತಿರುಗಿ ಬಂದಾಗ, ಅವಳು ಸತ್ತು ಐದು ವರ್ಷವಾಯಿತೆಂದು ಬಾಗಿಲಲ್ಲೇ ಯಾರೋ ಹೇಳಿದರು. ಹಾಗಾದರೆ ಮಂಚ ಖಾಲಿಯಿದೆ ಎಂದು ಒಳಗೆ ಹೋಗಿ ಮಲಗಿದ. ಅವನು ತಂದ ಪೆಟ್ಟಿಗೆಯಲ್ಲಿದ್ದದ್ದು ಮೇಪಲ್ ಮರದ ಆರು ಸಟ್ಟುಗ, ಮೂರು ಬಾಗಿದ ಅರ.

ಅಪ್ಪ ಸ್ಮೇಡ್ಸ್ ವಾಲ್ಫ್ರಿದ್ ಮರದ ದಿಮ್ಮಿ ಸಾಗಿಸುವ ಲಾರಿಯವನು. ನಮ್ಮ ಸೀಮೆಗೆ ಮೊದಲ ದೊಡ್ಡ ಅಮೆರಿಕನ್ ಕಾರು ತಂದವನು ಅವನೇ. ಏಪ್ರಿಲ್ ತಿಂಗಳಲ್ಲಿ, ಹೆಪ್ಪುಗಟ್ಟಿದ ಸರೋವರ ಇನ್ನೇನು ಬಿರುಕು ಬಿಡುತ್ತದೆ ಎನ್ನುವಾಗ, ಪಂದ್ಯ ಕಟ್ಟಿ ಅದರ ಮೇಲೆ ಕಾರು ಓಡಿಸಿದ. ಮಂಜುಗಡ್ಡೆ ಗಟ್ಟಿಯಿದೆಯೆಂದು ಜನ ನಂಬಲಿ ಎಂದು ಪಕ್ಕದಲ್ಲಿ ಹೆಂಡತಿಯನ್ನು ಕೂರಿಸಿಕೊಂಡಿದ್ದ. ಆಚೆ ದಡ ಸೇರಿದ ಮೇಲೆ ಆಕೆ ಇಳಿದವಳು ಸಾಯುವವರೆಗೂ ಯಾವ ಕಾರನ್ನೂ ಹತ್ತಲಿಲ್ಲ.

ಆ ಮನೆಯವರ ಕೈ ಬೆಣ್ಣೆ, ನಾಲಿಗೆ ಅರ ಎಂದು ನಮ್ಮಲ್ಲಿ ಮಾತಿದೆ. ಸ್ಮೇಡ್ಸ್ ಎಂದರೆ ಕಮ್ಮಾರರ ಮನೆ. ನಮ್ಮ ಈ ದಾಲಾರ್ನಾ ಸೀಮೆಯಲ್ಲಿ ಮನೆತನದ ಹೆಸರು ಮುಂದೆ, ಹೆತ್ತವರು ಇಟ್ಟ ಹೆಸರು ಹಿಂದೆ. ಮನುಷ್ಯ ಬರುವ ಮೊದಲು ಅವನ ಮನೆ ಬರುತ್ತದೆ.

ಹಾಲ್ವಾರ್ ಹದಿನೈದಕ್ಕೆ ಶಾಲೆ ಬಿಟ್ಟು ತಗಡಿನ ಕೆಲಸಕ್ಕೆ ಸೇರಿದ. ನಲವತ್ತೈದು ವರ್ಷ ಊರೂರಿನ ಮನೆಗಳಿಗೆ, ಎರಡು ಚರ್ಚುಗಳಿಗೆ ಮಾಡು ಹೊದಿಸಿದ. ಅದು ಹೊಟ್ಟೆಪಾಡು. ಜೀವ ಇದ್ದದ್ದು ಹಿತ್ತಲ ಕೊಟ್ಟಿಗೆಯಲ್ಲಿ. ಅಜ್ಜನ ಕಾಲದಲ್ಲಿ ಹಸುಗಳು ನಿಲ್ಲುತ್ತಿದ್ದ ಆ ಜಾಗದಲ್ಲಿ ಅರುವತ್ತರ ದಶಕದ ಎಂಟು ಸಿಲಿಂಡರಿನ ಅಮೆರಿಕನ್ ಕಾರುಗಳು ನಿಂತವು. ಮಸಲ್ ಕಾರ್ ಎನ್ನುತ್ತಾರಲ್ಲ, ಹೊಟ್ಟೆಬಾಕ ಎಂಜಿನ್ನಿನ ಎರಡು ಬಾಗಿಲಿನ ಕಾರು, ಅವು. ಹುಟ್ಟಿದ ದೇಶದಲ್ಲಿ ಗುಜರಿಗೆ ಬಿದ್ದವನ್ನು ನಮ್ಮವರು ಹಡಗಿನಲ್ಲಿ ತರಿಸಿ, ಆರು ತಿಂಗಳು ಹಿಮ ಬೀಳುವಾಗ ಕೊಟ್ಟಿಗೆಯಲ್ಲಿ ಕೂತು ಎಲುಬಿನಿಂದ ಚರ್ಮದವರೆಗೆ ಹೊಸದು ಮಾಡುತ್ತಾರೆ. ಊರಿಗೆ ಊರೇ ಹೀಗೆ.

ಇಂಥ ಕಾರು ಮೊದಲು ಕೊಳೆಯುವುದು ನೆತ್ತಿಯ ಮಾಡು ಮತ್ತು ಹಿಂಬದಿಯ ತಗಡು ಕೂಡುವ ಬೆಸುಗೆಯಲ್ಲಿ. ಕಾರ್ಖಾನೆಯವರು ಆ ಸಂದಿಗೆ ಸೀಸ ತುಂಬಿ ನುಣುಪು ಮಾಡುತ್ತಿದ್ದರು. ನಮ್ಮವರು ತುಕ್ಕು ಕೆರೆದು, ಡಬ್ಬಿಯ ಪ್ಲಾಸ್ಟಿಕ್ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆಯುತ್ತಾರೆ. ನಾಲ್ಕು ವರ್ಷಕ್ಕೆ ಅದು ಬಿರಿಯುತ್ತದೆ. ಹಾಲ್ವಾರ್ ಮಾತ್ರ ಅಜ್ಜನ ಹಾದಿ. ತಗಡಿಗೆ ಕಲಾಯಿ ಹಾಕಿ, ಗ್ಯಾಸಿನ ಸಣ್ಣ ಉರಿಯಲ್ಲಿ ಸೀಸದ ಕಡ್ಡಿಯನ್ನು ಬೆಣ್ಣೆಯಂತೆ ಮೆತ್ತಗೆ ಮಾಡಿ, ಕೊಬ್ಬು ಸವರಿದ ಮೇಪಲ್ ಸಟ್ಟುಗದಿಂದ ಒತ್ತುತ್ತಿದ್ದ. ಉರಿ ಒಂದು ಉಸಿರು ಹೆಚ್ಚಾದರೆ ಸೀಸವೆಲ್ಲ ನೆಲಕ್ಕೆ. ಈ ಕೆಲಸ ಮಾಡುವಾಗ ಕೊಟ್ಟಿಗೆಯ ಬಾಗಿಲಿಗೆ ಅಗುಳಿ. ಯಾರಿಗೂ ಕಲಿಸಲಿಲ್ಲ. ಕೇಳಿ ಬಂದವರಿಗೆ, ನಿನ್ನ ಕೈಗೆ ಪುಟ್ಟಿಯೇ ಹೆಚ್ಚು ಎಂದು ಕಳಿಸುತ್ತಿದ್ದ. ಉರಿ ಹಿಡಿಯಲು ಒಬ್ಬ ಬೇಕಲ್ಲ, ಅದಕ್ಕೆ ಹೆಂಡತಿಯ ತಮ್ಮ ಟೀಕೋ ಬರುತ್ತಿದ್ದ. ಅವನೂ ಬಾಯಿ ಬಿಡಬಾರದೆಂದು ಕಟ್ಟಾಜ್ಞೆ.

ಜುಲೈ ತಿಂಗಳಲ್ಲಿ ಸ್ಕೀ ಗುಡ್ಡದ ಬುಡದ ಬಯಲಿನಲ್ಲಿ ಹಳೇ ಕಾರು ಸಂಘದವರ ಕಾರುಗಳೆಲ್ಲ ಪಂದ್ಯಕ್ಕೆ ಸೇರುತ್ತವೆ. ಗೆದ್ದ ಕಾರು ಸರೋವರ ಸುತ್ತುವ ಮೆರವಣಿಗೆಗೆ ಮುಂದಾಳು. ಅದು ಶುರುವಾದಂದಿನಿಂದ ಇಪ್ಪತ್ತೈದು ವರ್ಷ ಅಲ್ಲಿ ತೀರ್ಪುಗಾರ ಹಾಲ್ವಾರನೇ. ಹಳೇ ರೇಡಿಯೋದಿಂದ ಕಿತ್ತ ಅಯಸ್ಕಾಂತವನ್ನು ಮೆತ್ತನೆ ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ, ಜೇಬಿನಲ್ಲಿಟ್ಟುಕೊಂಡು ಬರುತ್ತಿದ್ದ. ತುಟಿಯಡಿ ಹೊಗೆಸೊಪ್ಪಿನ ಉಂಡೆ ಇಟ್ಟುಕೊಂಡು, ಒಂದೊಂದು ಕಾರಿನ ಮೈಮೇಲೆ ಅದನ್ನು ಆಡಿಸುವನು. ಕಚ್ಚಿಕೊಂಡರೆ ಕಬ್ಬಿಣದ ತಗಡು. ಕಳಚಿ ಬಿದ್ದರೆ ಒಳಗೆ ಪುಟ್ಟಿ. “ಮ್ಯಾಗ್ನೆಟ್ ಸುಳ್ಳು ಹೇಳಲ್ಲ,” ಎನ್ನುವನು, ಅಷ್ಟೇ. ಸೀಸಕ್ಕೂ ಅಯಸ್ಕಾಂತ ಕಚ್ಚುವುದಿಲ್ಲ ಎಂಬುದನ್ನು ಅವನು ಯಾರಿಗೂ ಹೇಳಿಕೊಡಲಿಲ್ಲ. ತೀರ್ಪುಗಾರನ ಕಾರನ್ನು ಯಾರೂ ಪರೀಕ್ಷಿಸುವಂತಿರಲಿಲ್ಲವಾದ್ದರಿಂದ ಅವನ ಸೀಸ ಎಂದೂ ಅಯಸ್ಕಾಂತದ ಮುಂದೆ ನಿಂತಿರಲಿಲ್ಲ.

ಬಾಕ್ ಎಸ್ಕಿಲ್‌ನ ಸಂಗತಿ ನಡೆದು ಇಪ್ಪತ್ತೆರಡು ವರ್ಷ. ಅವನು ಮರ ಕೊಯ್ಯುವ ಮಿಲ್ಲಿನ ಕೂಲಿ, ಮೆತ್ತನೆ ಮನುಷ್ಯ. ಹೇಗೋ ಒಂದು ನೀಲಿ ಶೆವಲೆ ಕಾರು ತಂದಿದ್ದ. ಒಣ ಸೀಮೆಯ ಕಾರು, ತುಕ್ಕೇ ಇಲ್ಲ. ಆ ವರ್ಷ ಜನ ಹಾಲ್ವಾರನ ಕಾರಿಗೆ ಬೆನ್ನು ಹಾಕಿ ಅದರ ಸುತ್ತ ನಿಂತರು. ಎಸ್ಕಿಲ್ ಖುಷಿಯಲ್ಲಿ, ಇದು ಕಾರ್ಖಾನೆಯಿಂದ ಬಂದಂತೆಯೇ ಇದೆ, ಹಾಲ್ವಾರನ ಕೈ ಬೇಕಾಗದ ಕಾರು ಇದೊಂದೇ ಎಂದು ತಮಾಷೆಗೆ ಅಂದ. ಜನ ನಕ್ಕರು. ಹಾಲ್ವಾರ್ ಅಯಸ್ಕಾಂತ ತೆಗೆದು ನೆಟ್ಟಗೆ ಮಾಡಿನ ಬೆಸುಗೆಯ ಮೇಲಿಟ್ಟ. ಕಳಚಿ ಬಿತ್ತು.

“ಪುಟ್ಟಿ,” ಎಂದ.

ಹಾಗೆಂದ ಮೇಲೆ ಅಭ್ಯಾಸಬಲದಿಂದ ಬೆರಳ ಗೆಣ್ಣಿನಲ್ಲಿ ಅಲ್ಲಿ ತಟ್ಟಿದ. ಸದ್ದು ಪುಟ್ಟಿಯದಲ್ಲ. ದಪ್ಪ, ತಣ್ಣಗಿನ, ಭಾರದ ಸದ್ದು. ಅಜ್ಜನಂಥವನೊಬ್ಬ ಡೆಟ್ರಾಯಿಟ್‌ನಲ್ಲಿ ತುಂಬಿದ ಸೀಸ. ಗೆಣ್ಣು ತಿಳಿದುಕೊಂಡಿತು. ಬಾಯಿ ತಿದ್ದಿಕೊಳ್ಳಲಿಲ್ಲ. ಮುಂದಿನ ಕಾರಿಗೆ ನಡೆದ.

ನಾಲ್ಕು ದಿನದ ಮೇಲೆ ಎಸ್ಕಿಲ್ ಕಾಫಿ ಡಬ್ಬಿಯೊಂದನ್ನು ತಂದು ಹಾಲ್ವಾರನ ಮೇಜಿನ ಮೇಲೆ ಸುರಿದ. ತನ್ನ ಕಾರಿನ ಮಾಡನ್ನು ತಾನೇ ಕೆರೆದು ತಂದ ಬೂದು ಪುಡಿ. ನೋಡು, ಸೀಸ, ನೀನಾದರೂ ಹೇಳು ಎಂದ. ಅಡುಗೆಮನೆಯಲ್ಲಿ ಹಾಲ್ವಾರನ ಹೆಂಡತಿ ಮೆರ್ತಾ ಕೈಲಿದ್ದ ಕೆಲಸ ನಿಲ್ಲಿಸಿ ಕೇಳುತ್ತಿದ್ದಳು.

“ಮೀನು ಗಾಳದ ಸೀಸದ ಗುಂಡು ಕೆರೆದ್ರೂ ಇದೇ ಬರುತ್ತೆ,” ಎಂದ ಹಾಲ್ವಾರ್. “ಮೇಜು ಒರೆಸಿ ಹೋಗು.”

ಎಸ್ಕಿಲ್ ಅಂಗಿಯ ತೋಳಿನಿಂದ ಮೇಜು ಒರೆಸಿ ಹೋದ. ಕೆರೆದು ಹಾಳಾದ ಕಾರನ್ನು ನಾರ್ವೆಯವನೊಬ್ಬ ಕೊಂಡುಕೊಂಡು ಹೋದ. ಊರಿನವರು ಎಸ್ಕಿಲ್‌ನ ಹೆಸರಿನ ಮುಂದಿನ ಮನೆಯನ್ನೇ ಕಿತ್ತು ಹಾಕಿದರು. ಬಾಕ್ ಎಸ್ಕಿಲ್ ಹೋಗಿ ಪುಟ್ಟಿ ಎಸ್ಕಿಲ್ ಆದ. ಮಿಲ್ಲಿನಲ್ಲಿ, ಅಂಗಡಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ. ಹತ್ತು ವರ್ಷದ ಮಗಳು ಸೂಲ್ವೇಯ್ ಶಾಲೆಯಲ್ಲಿ ಪುಟ್ಟಿಯ ಸೂಲ್ವೇಯ್. ಮೂರು ಚಳಿಗಾಲದ ಹಿಂದೆ ಅವನು ಸತ್ತ ಸುದ್ದಿ ಬಂದಾಗ, ಯಾವ ಎಸ್ಕಿಲ್ ಎಂದು ಕೇಳಿದವರಿಗೆ ಆ ಹೆಸರು ಹೇಳಿದ ಮೇಲೆಯೇ ನೆನಪಾದದ್ದು.

ಮೆರ್ತಾ ಬದುಕಿದ್ದಷ್ಟು ದಿನ ವರ್ಷಕ್ಕೊಮ್ಮೆ, ಕ್ರಿಸ್ಮಸ್ ಹಂದಿತೊಡೆ ಕೊಯ್ಯುವಾಗ, ಎಸ್ಕಿಲ್‌ನ ಮನೆಗೆ ಹೋಗಿ ಒಂದು ಮಾತು ಹೇಳಿ ಬಾ ಎನ್ನುತ್ತಿದ್ದಳು. ಅವನು ಸಾಸಿವೆ ಈಚೆ ಕೊಡು ಎನ್ನುತ್ತಿದ್ದ.

ಎಪ್ಪತ್ಮೂರಕ್ಕೆ ಹಾಲ್ವಾರನ ಕೈ ನಡುಗತೊಡಗಿತು. ಸಂಘದವರು ಒಂದು ಕೇಕ್ ಕೊಯ್ದು, ಅಯಸ್ಕಾಂತ ತೆಗೆದುಕೊಂಡು ಬೀಳ್ಕೊಟ್ಟರು. ಅದನ್ನೂ ತೀರ್ಪುಗಾರಿಕೆಯನ್ನೂ ಕೊಟ್ಟದ್ದು ಎಸ್ಕಿಲ್‌ನ ಮಗಳು ಸೂಲ್ವೇಯ್‌ಳ ಕೈಗೆ. ಅವಳೀಗ ಮಿಲ್ಲಿನಲ್ಲಿ ವೆಲ್ಡಿಂಗ್ ಕೆಲಸದವಳು, ಮಾತು ಕಡಿಮೆ, ಕಣ್ಣು ಚುರುಕು.

ಹಾಲ್ವಾರನ ಕೊಟ್ಟಿಗೆಯಲ್ಲಿ ಆಗ ಅರುವತ್ತೆಂಟರ ಹಸಿರು ಪ್ಲಿಮತ್ ಕಾರೊಂದಿತ್ತು. ಹನ್ನೊಂದು ಚಳಿಗಾಲದ ಕೆಲಸ. ತೀರ್ಪುಗಾರಿಕೆ ಹೋದದ್ದರಿಂದ ಒಂದು ಲಾಭವಾಗಿತ್ತು. ಬದುಕಿನಲ್ಲಿ ಮೊದಲ ಸಲ ಅವನೂ ಪಂದ್ಯಕ್ಕೆ ನಿಲ್ಲಬಹುದಿತ್ತು. ಒಂದೇ ಒಂದು ಸಲ ಮೆರವಣಿಗೆಯ ಮುಂದೆ ಹೋಗಬೇಕು, ಕೈ ಪೂರ್ತಿ ಕೆಡುವ ಮೊದಲು ನಾಡು ಅದರ ಕೆಲಸ ನೋಡಬೇಕು. ಅದೊಂದೇ ಆಸೆ. ಕೊನೆಯ ಚಳಿಗಾಲ ಮಾಡಿನ ಬೆಸುಗೆಗೆ ಕೈಯಿಟ್ಟಾಗ ಟೀಕೋ ಉರಿ ಹಿಡಿದುಕೊಂಡೇ ತಡೆದ. ಆ ಜಾಗಕ್ಕೆ ಸೀಸ ಬೇಡ, ಅಯಸ್ಕಾಂತ ನಿಲ್ಲುವುದಿಲ್ಲ, ಬರೀ ತಗಡನ್ನೇ ಬೆಸೆದು ಅರದಲ್ಲಿ ತೀಡಿಬಿಡು ಎಂದ. ಹಾಲ್ವಾರ್ ಕೇಳಲಿಲ್ಲ. ಸೀಸವಿಲ್ಲದಿದ್ದರೆ ಅದು ಯಾರು ಬೇಕಾದರೂ ಮಾಡಿದ ಕಾರಾಗುತ್ತದೆ ಎಂದ. ಹಾಲ್ವಾರನ ಕಾರಿಗೆ ಅಯಸ್ಕಾಂತ ಇಡುವ ಎದೆ ಈ ಸೀಮೆಯಲ್ಲಿ ಯಾರಿಗೂ ಇಲ್ಲ ಎಂದೂ ಅಂದ. ನಡುಗುವ ಕೈಗೆ ಮಣಿಕಟ್ಟಿನಿಂದ ಮೊಣಕೈವರೆಗೆ ಹಲಗೆ ಕಟ್ಟಿಕೊಂಡು, ಮೂರು ವಾರ ಒತ್ತಿ, ತೀಡಿ ಮುಗಿಸಿದ. ಹಾಗೆ ಸೀಸವನ್ನು ಅವನ ಅಜ್ಜ ಕೂಡ ತುಂಬಿರಲಾರ.

ಜುಲೈ ಬಂತು. ಬಯಲಿನಲ್ಲಿ ಮಡಚುವ ಕುರ್ಚಿಗಳು, ಸಾಸೇಜ್ ಸುಡುವ ಹೊಗೆ, ತಗಡಿನ ಡಬ್ಬಿಯ ಬಿಯರು. ಪ್ಲಿಮತ್ ಬಂದು ನಿಂತಾಗ ಜನ ತಾವಾಗಿಯೇ ಜಾಗ ಬಿಟ್ಟರು. ಸೂಲ್ವೇಯ್ ಬಂದಳು. ಬಾಗಿಲು ನೋಡಿದಳು, ಎಂಜಿನ್ ನೋಡಿದಳು, ಮಂಡಿಯೂರಿ ಅಡಿ ನೋಡಿದಳು. ಎಲ್ಲದಕ್ಕೂ ತಲೆಯಾಡಿಸಿದಳು. ಆಮೇಲೆ ಜೇಬಿನಿಂದ ಬಟ್ಟೆ ಸುತ್ತಿದ ಅಯಸ್ಕಾಂತ ತೆಗೆದು, ಬೇರೆಲ್ಲೂ ಇಡದೆ, ಮಾಡಿನ ಬೆಸುಗೆಯ ಮೇಲಿಟ್ಟು, ದಾರ ಮಾತ್ರ ಹಿಡಿದು ಕೈ ಬಿಟ್ಟಳು.

ಅದು ಹಿಂಬದಿಯ ಗಾಜಿನ ಮೇಲೆ ಜಾರಿ, ದಾರದ ತುದಿಯಲ್ಲಿ ತೂಗಾಡಿತು.

ಯಾರೋ ಶಿಳ್ಳೆ ಹಾಕಿದರು. ಕುರ್ಚಿಗಳಿಂದ ಜನ ಎದ್ದು ಬಂದರು. ಮುಖಗಳಲ್ಲಿ ದುಃಖವಿರಲಿಲ್ಲ. ಇಪ್ಪತ್ತೈದು ವರ್ಷ ಇವನ ಕೈಯಲ್ಲಿ ಮುಖಭಂಗವಾದವರು ಅಲ್ಲಿ ಎಷ್ಟೋ ಮಂದಿ. ಮುದುಕರಲ್ಲಿ ಸೀಸದ ಗುಣ ಬಲ್ಲವರು ಇಬ್ಬರೋ ಮೂವರೋ ಇದ್ದರು. ಅವರೂ ಬಿಯರ್ ಡಬ್ಬಿಯ ಮೇಲಿನ ಅಕ್ಷರ ಓದುತ್ತ ನಿಂತರು.

ಸೂಲ್ವೇಯ್ ಅವನ ಹತ್ತಿರಕ್ಕೆ ಬಂದಳು. ಅವಳು ಮೆಲ್ಲಗೆ ಆಡಿದರೂ ಮುಂದಿನ ಸಾಲಿಗೆ ಕೇಳಿಸಿತು.

“ಇದೇನು ಹೇಳು, ಹಾಲ್ವಾರ್.”

ಅವನು ಬಾಗಿಲ ಮೇಲಿನ ಧೂಳನ್ನು ತೋಳಿನಿಂದ ಒರೆಸಿದ.

“ನಂಗೊತ್ತು ಇದೇನಂತ. ಹನ್ನೆರಡು ವರ್ಷದವಳಿದ್ದಾಗ ಅಪ್ಪನ ಗಾಳದ ಗುಂಡಿಗೆ ಮ್ಯಾಗ್ನೆಟ್ ಹಿಡಿದು ನೋಡಿದ್ದೆ. ಆದ್ರೆ ನಾನು ಹೇಳಿದ್ರೆ ಪುಟ್ಟಿಯ ಮಗಳು ಹೇಳಿದ ಹಾಗೆ. ನೀನೇ ಹೇಳು. ಸೀಸಕ್ಕೆ ಮ್ಯಾಗ್ನೆಟ್ ಹಿಡಿಯಲ್ಲ ಅಂತ ಇವರೆಲ್ಲರ ಮುಂದೆ ಒಂದ್ಸಲ ಹೇಳು. ಇವತ್ತಿನ ಮೆರವಣಿಗೆ ನಿಂದು.”

ಹಾಲ್ವಾರನಿಗೆ ಅರ್ಥವಾಗದೆ ಇರಲಿಲ್ಲ. ಆ ಒಂದು ಮಾತು ಆಡಿದರೆ ಹಸಿರು ಕಾರು ಗೆಲ್ಲುತ್ತದೆ, ಅದೇ ಉಸಿರಿನಲ್ಲಿ ನೀಲಿ ಕಾರೂ ಗೆಲ್ಲುತ್ತದೆ. ಹಾಗಾದರೆ ಅವತ್ತು ಯಾಕೆ ಹಾಗೆಂದೆ ಎಂದು ಮುಂದಿನ ಸಾಲಿನವನು ಕೇಳಿಯೇ ಕೇಳುತ್ತಾನೆ. ತಪ್ಪಿ ಅಂದೆ ಎಂದರೆ ಸೀಸ ಗುರುತಿಸಲಾರದ ಕಮ್ಮಾರ. ತಿಳಿದೇ ಅಂದೆ ಎಂದರೆ ಸುಳ್ಳ. ಹನ್ನೊಂದು ಚಳಿಗಾಲ ಒಂದು ತಟ್ಟೆಯಲ್ಲಿ, ಆ ಮಾತು ಇನ್ನೊಂದು ತಟ್ಟೆಯಲ್ಲಿ ತೂಗಿದವು. ಅವನ ದವಡೆ ಎರಡು ಸಲ ಆಡಿದ್ದನ್ನು ಟೀಕೋ ನೋಡಿದ.

“ಪುಟ್ಟಿ,” ಎಂದ ಹಾಲ್ವಾರ್, ಎಲ್ಲರಿಗೂ ಕೇಳುವಂತೆ. “ಪುಟ್ಟಿ ಅಂತ ಬರ್ಕೋ.”

ಸೂಲ್ವೇಯ್ ಹಾಳೆಯಿಂದ ಪೆನ್ನು ಎತ್ತಿದಳು. ಅಪ್ಪನ ಹೆಸರನ್ನು ತೊಳೆಯಲು ಅವಳು ಇಪ್ಪತ್ತು ವರ್ಷ ಕಾದಿದ್ದಳು. ನೀರು ಹೊಯ್ಯಬೇಕಾದವನು ಕೊಡವನ್ನೇ ಒಡೆದು ಹಾಕಿದ. ಕೈಯಲ್ಲಿದ್ದ ಹಾಳೆಯ ಮೇಲೆ ಅವನು ಹೇಳಿದ್ದನ್ನೇ ಬರೆದಳು.

ಆಮೇಲೆ ನಗು. ತಡೆ ಒಡೆದ ನಗು. ಪ್ಲಿಮತ್ತನ್ನು ಬಯಲಿನ ಕೊನೆಗೆ, ಶೌಚದ ಗೂಡುಗಳ ಪಕ್ಕಕ್ಕೆ, ಪುಟ್ಟಿ ಕಾರುಗಳ ಸಾಲಿಗೆ ತಳ್ಳಿದರು. ತಳ್ಳುವಾಗ ಇಬ್ಬರು ಮಾಡಿನ ಮೇಲೆ ಬಿಯರ್ ಡಬ್ಬಿ ಇಟ್ಟುಕೊಂಡೇ ತಳ್ಳಿದರು. ಒಬ್ಬ ಸ್ಕ್ರೂಡ್ರೈವರಿನಿಂದ ಬಾಗಿಲ ಮೇಲೆ ಪುಟ್ಟಿ ಹಾಲ್ವಾರ್ ಎಂದು ಗೀಚಿದ. ಅಕ್ಷರ ದೊಡ್ಡದಾಗಿರಲಿ, ಪಾಪ, ಮುದುಕನಿಗೆ ಕಣ್ಣು ಮಂದ ಎಂದು ಇನ್ನೊಬ್ಬ ಹೇಳಿಕೊಟ್ಟ. ಹಾಲ್ವಾರ್ ಅದೆಲ್ಲ ಮುಗಿಯುವವರೆಗೆ ಕೈಗಳನ್ನು ಜೇಬಿನಲ್ಲಿ ಹುದುಗಿಸಿಕೊಂಡು ನಿಂತಿದ್ದು, ಆಮೇಲೆ ಕಾರು ಹತ್ತಿ, ಮೆರವಣಿಗೆಯ ಎದುರು ದಿಕ್ಕಿನಲ್ಲಿ ಮನೆಗೆ ಹೋದ.

ಮಾರನೆಯ ಮಧ್ಯಾಹ್ನ ಟೀಕೋ ಬಂದ. ಕೊಟ್ಟಿಗೆಯ ಬಾಗಿಲು ತೆರೆದೇ ಇತ್ತು. ಹಾಲ್ವಾರ್ ಕಾಲುಮಣೆಯ ಮೇಲೆ ಕೂತು, ಗೀಚಿದ ಬಾಗಿಲನ್ನು ನೋಡುತ್ತಿದ್ದ. ಎರಡು ಲೋಟ ಕಾಫಿ ಬಗ್ಗಿಸಿದ, ಅರ್ಧ ಹೊರಗೆ ಚೆಲ್ಲಿತು.

ಟೀಕೋ ರಾತ್ರಿಯೆಲ್ಲ ಯೋಚಿಸಿಕೊಂಡು ಬಂದಿದ್ದ. “ಭಾವ, ನೀನು ಬಾಯೇ ಬಿಡಬೇಡ. ಮಾಡಿನ ಮೇಲೆ ಅಂಗೈಯಗಲ ಬಣ್ಣ ನಾನು ಕೆರೀತೀನಿ. ಆ ಹುಡುಗೀನ, ಸಂಘದವರನ್ನ ಕರೆದು ಬೆಳ್ಳಗೆ ಹೊಳೆಯೋ ಸೀಸ ತೋರಿಸ್ತೀನಿ. ಉರಿ ಹಿಡಿದವನು ನಾನು, ಸಾಕ್ಷಿ ನಾನು. ಎಸ್ಕಿಲ್ ವಿಷಯ ಬಂದ್ರೆ ಭಾವನಿಗೆ ಆವತ್ತು ತಿಳೀಲಿಲ್ಲ ಅಂತೀನಿ. ಬಾಗಿಲಿಗೂ ನಾನೇ ಬಣ್ಣ ಹೊಡೀತೀನಿ.”

ಹಾಲ್ವಾರ್ ಕಾಫಿ ಲೋಟವನ್ನು ಎರಡು ಕೈಯಲ್ಲೂ ಹಿಡಿದು ಕುಡಿದ. ಖಾಲಿ ಲೋಟವನ್ನು ನೆಲಕ್ಕಿಟ್ಟ.

“ತಿಳೀಲಿಲ್ಲ ಅಂತ ಹೇಳ್ತೀಯಾ? ನಂಗೆ ತಿಳೀತು, ಟೀಕೋ. ಅವತ್ತೇ, ಅಲ್ಲೇ ತಿಳೀತು. ಸೀಸ ಗೊತ್ತಿಲ್ಲದವನು ಅನ್ನಿಸಿಕೊಂಡು ಬದುಕೋಕಿಂತ ಪುಟ್ಟಿ ಮೆತ್ತಿದವನು ಅನ್ನಿಸಿಕೊಂಡು ಸಾಯ್ತೀನಿ. ಮಾಡು ಮುಟ್ಟಬೇಡ. ಬಾಗಿಲೂ ಮುಟ್ಟಬೇಡ. ಕೆರೆಯೋ ಅರ ಇದ್ರೆ ಕೆಳಗಿಡು, ಮನೆಗೆ ಹೋಗು.”