ಸೋರೆಬುರುಡೆ ಕೊಡಲು ಎದ್ದವರು

ಬೆಳಕು ಹರಿಯುವ ಮುನ್ನವೇ ಶಾಸನಸಭೆಯ ಹಿತ್ತಿಲ ಒಲೆಯ ಮೇಲೆ ನೀರು ಸದ್ದು ಮಾಡುತ್ತಿದೆ. ಹಿರಿಯ ಹೆಂಗಸೆಂದು ಎಲ್ಲರೂ ಗೌರವದಿಂದ 'ನ್ಯಾ' ಸೇರಿಸಿ ಕರೆಯುವ ನ್ಯಾ ಬಲ್ಬೀನಾ ಒಣ ಸೋರೆಬುರುಡೆಗೆ ಎರ್ಬಾ ಎಂಬ ಕಹಿ ಚಹಾದ ಎಲೆಪುಡಿ ತುಂಬಿ, ಬಿಸಿನೀರು ಹೊಯ್ದು, ಮೊದಲ ಸುತ್ತನ್ನು ಕೊಳವೆಯಿಂದ ತಾವೇ ಹೀರಿ ಮುಖ ಕಿವಿಚುತ್ತಾರೆ.

"ಮೊದಲ್ನೇದು ಬರೀ ಕಹಿ ಕಣಪ್ಪಾ. ಬಡಿಸೋರೇ ಕುಡೀಬೇಕು. ಬಂದೋರಿಗೆ ಕೊಟ್ರೆ ಮರ್ಯಾದೇನಾ?"

ಗಂಡ ನದಿಯ ಪಾಲಾದಂದಿನಿಂದ ಇವರಿಗೆ ಈ ಒಲೆಯೇ ಆಧಾರ. ಒಬ್ಬನೇ ಮಗ ಸಿರೀಲೊ ಚೀಪಾ ರೊಟ್ಟಿ ಸುಡುವವನು. ಒಳಗೆ ಕಚ್ಚಾಡುವ ಸದಸ್ಯರೆಲ್ಲ ಇವರ ಒಂದೇ ಬುರುಡೆಯಿಂದ ಹೀರುತ್ತಾರೆ. ಹೀರಿದವರು ಅದನ್ನು ಇವರ ಕೈಗೇ ಮರಳಿಸಬೇಕು. ಇನ್ನು ಸಾಕು ಎನ್ನುವವರು ಮಾತ್ರ "ಉಪಕಾರವಾಯ್ತು" ಎನ್ನುತ್ತಾರೆ.

ಕಳೆದ ತಿಂಗಳು ಸೇನಾ ಸುಧಾರಣೆಯ ಮಸೂದೆ ಬಂತು. ಯುದ್ಧ ಬಾಗಿಲಿಗೆ ಬಂದಿದೆ, ವಿಧವೆಯ ಒಬ್ಬನೇ ಮಗನಿಗಿದ್ದ ವಿನಾಯಿತಿ ರದ್ದಾಗಲಿ ಎಂದಿತು ಅದು. ಸ್ವಂತ ಮಕ್ಕಳನ್ನು ಓದಿನ ನೆಪದಲ್ಲಿ ಹೊರದೇಶಕ್ಕೆ ದಾಟಿಸಿದ ಮಹಾಶಯರೇ ತಾಯಂದಿರ ತ್ಯಾಗದ ಬಗ್ಗೆ ಗಂಟಲು ಹರಿದುಕೊಂಡರು. ಥೂ! ಹಿರಿಯ ಸದಸ್ಯ ದೋನ್ ಎಲಾದಿಯೊ ಒಬ್ಬರೇ ಒಲೆಯ ಬಳಿ ಬಂದು ಧೈರ್ಯ ಹೇಳಿದ್ದರು: "ಹೆದರ್ಬೇಡಿ ನ್ಯಾ ಬಲ್ಬೀನಾ. ಮತಕ್ಕೆ ಕರೆದಾಗ ನಾನು ಏಳಲ್ಲ ಅಂದ್ರೆ ಏಳಲ್ಲ."

ಮಸೂದೆಯ ಪರ ಇರುವವರು ಎದ್ದು ನಿಲ್ಲಿ ಎಂದು ಅಧ್ಯಕ್ಷರು ಕರೆದ ಗಳಿಗೆಗೆ ಸರಿಯಾಗಿ ದೋನ್ ಎಲಾದಿಯೊ ಬುರುಡೆ ಬರಿದುಮಾಡಿದ್ದರು. ಎದುರಿಗೆ, ಸಭೆಯೊಳಗೆ ಬಡಿಸುತ್ತ ಬಂದಿದ್ದ ನ್ಯಾ ಬಲ್ಬೀನಾ. ವಯಸ್ಸಾದ ಹೆಂಗಸಿಗೆ ಕೂತಲ್ಲಿಂದ ಬುರುಡೆ ಕೊಡುವುದು ಈ ಊರಿನ ರೂಢಿಯಲ್ಲ. ದೋನ್ ಎಲಾದಿಯೊ ಎದ್ದರು. ಗ್ಯಾಲರಿಯಲ್ಲಿ ಚಪ್ಪಾಳೆ.

"ಭಲೇ ದೋನ್ ಎಲಾದಿಯೊ! ದೇಶಭಕ್ತ ಅಂದ್ರೆ ನೀವು!"

ಕೂತುಬಿಡಬಹುದಿತ್ತು. ಎದ್ದದ್ದು ಬುರುಡೆ ಕೊಡೋಕೆ ಎನ್ನಬಹುದಿತ್ತು. ಅವರು ಕೂರಲೂ ಇಲ್ಲ, ತುಟಿ ಬಿಚ್ಚಲೂ ಇಲ್ಲ. ಮಸೂದೆ ಒಂದೇ ಮತದಿಂದ ಗೆದ್ದಿತು.

"ನೀರು ಆರೋಗುತ್ತೆ ಅಂತ ನಾನೇ ಕೈ ಚಾಚಿದ್ದು," ಎನ್ನುತ್ತಾರೆ ನ್ಯಾ ಬಲ್ಬೀನಾ, ಒಲೆಗೆ ಸೌದೆ ನೂಕುತ್ತ. "ಚಪ್ಪಾಳೆ ಬಿತ್ತು ನೋಡಿ, ಅವ್ರ ಮುಖ ಅರಳ್ತು. ನನ್ನ ಮಗ ಹೋದ ಅಂತ ಆಗ್ಲೇ ಗೊತ್ತಾಯ್ತು."

ಸಿರೀಲೊ ಹೋದ ಸೋಮವಾರ ಸೈನಿಕರ ಹಡಗು ಹತ್ತಿದ್ದಾನೆ. ಇವತ್ತೂ ತಾಯಿ ಎಲ್ಲರಿಗೂ ಬಡಿಸುತ್ತಾರೆ. ದೋನ್ ಎಲಾದಿಯೊ ಮಾತ್ರ ಒಂದು ಗುಟುಕೂ ಹೀರದೆ, ನೆಲ ನೋಡುತ್ತ "ಉಪಕಾರವಾಯ್ತು" ಎನ್ನುತ್ತಾರೆ.

ನಿಮಗೇನಾದರೂ ಆಸೆ ಇದೆಯೇ ಎಂದರೆ ನ್ಯಾ ಬಲ್ಬೀನಾ ಬುರುಡೆ ಒರೆಸುವುದನ್ನು ನಿಲ್ಲಿಸುತ್ತಾರೆ.

"ಇನ್ನೂ ಚಿಕ್ಕ ಹುಡುಗ್ರನ್ನ ಕರ್ಕೊಳೋಕೆ ಇನ್ನೊಂದು ಮಸೂದೆ ಬರುತ್ತಂತೆ. ಅವತ್ತು ನನಗೆ ಯಾರೂ ಮರ್ಯಾದೆ ಕೊಡೋದು ಬೇಡ. ಎಲ್ರೂ ಕೂತೇ ಇರ್ಲಿ. ಬುರುಡೇನ ನಾನೇ ಹೋಗಿ ಇಸ್ಕೋತೀನಿ."